ಕಳಚಿಕೊಂಡು ಗೆದ್ದ ಚೀಲ

ಆಫೀಸಿಗೂ ಸೈ, ಜಿಮ್ಮಿಗೂ ಸೈ, ಮೂರು ದಿನದ ಪ್ರವಾಸಕ್ಕೂ ಸೈ ಎನ್ನುವ ಬೆನ್ನುಚೀಲಗಳು ಈಗ ಅಂಗಡಿಗಳ ತುಂಬ ನೇತಾಡುತ್ತಿವೆ. ಅವುಗಳ ಗುಣಗಾನವೆಲ್ಲ ಎಣಿಕೆಯ ಲೆಕ್ಕದಲ್ಲೇ ನಡೆಯುತ್ತದೆ. ಲ್ಯಾಪ್‌ಟಾಪಿಗೊಂದು ಖಾನೆ, ಶೂಗಳಿಗೊಂದು, ಒದ್ದೆ ಬಟ್ಟೆಗೊಂದು, ನೀರಿನ ಬಾಟಲಿಗೆ ಎರಡು ಪಕ್ಕದ ಜೇಬು, ಪಾಸ್‌ಪೋರ್ಟಿಗೆ ಬೆನ್ನಿನ ಕಡೆ ಕಳ್ಳಜೇಬು, ಮೊಬೈಲ್ ಚಾರ್ಜ್ ಮಾಡಲು ಹೊರಮೈಯಲ್ಲಿ ಯುಎಸ್‌ಬಿ ತೂತು. ಖಾನೆ ಹೆಚ್ಚಾದಷ್ಟೂ ಚೀಲ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬ ನಂಬಿಕೆ ಮಾರುವವನಿಗೂ ಇದೆ, ಕೊಳ್ಳುವವನಿಗೂ ಇದೆ. ಆದರೆ ಈ ಚೀಲ ನಡೆದು ಬಂದ ದಾರಿ ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಬೇಟೆಗಾರರ, ಬೆಟ್ಟ ಹತ್ತುವವರ, ಸೈನಿಕರ ಬೆನ್ನ ಮೇಲಿದ್ದ ಒಂದು ಸಲಕರಣೆ ವಿದ್ಯಾರ್ಥಿಯ, ಗುಮಾಸ್ತನ, ಸಾಫ್ಟ್‌ವೇರ್ ನೌಕರನ ದಿನಬಳಕೆಗೆ ಇಳಿದು ಬಂದದ್ದು ಚೌಕಟ್ಟು, ಸೊಂಟದ ಪಟ್ಟಿ, ಬಕಲು, ಚರ್ಮ, ಕೊನೆಗೆ ತನ್ನ ಗಾತ್ರವನ್ನೂ ಒಂದೊಂದಾಗಿ ಕಳಚಿಕೊಂಡ ಮೇಲೆ. ಎಲ್ಲಕ್ಕೂ ಒಗ್ಗುವ ಗುಣ ಅದಕ್ಕೆ ಬಂದದ್ದೇ ಹಾಗೆ. ಇವತ್ತಿನ ‘ಸರ್ವೋಪಯೋಗಿ’ ಚೀಲ ಆ ಗಳಿಕೆಯನ್ನು ಮತ್ತೆ ಕಳೆದುಕೊಳ್ಳುತ್ತಿದೆ ಎಂಬುದು ನನ್ನ ವಾದ.

ಬೆನ್ನ ಮೇಲೆ ಹೊರುವುದು ಹೊಸದೇನಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದಲ್ಲಿ, ಸುಮಾರು 3,210 ಮೀಟರ್ ಎತ್ತರದಲ್ಲಿ, ಹಿಮದೊಳಗೆ ಸಿಕ್ಕ ‘ಓಟ್ಸಿ’ ಎಂಬ 5,300 ವರ್ಷ ಹಿಂದಿನ ಮನುಷ್ಯನ ಸಾಮಾನುಗಳ ಜೊತೆ ಬಾಗಿಸಿದ ಹೇಜಲ್ ಮರದ ಕೋಲು, ಲಾರ್ಚ್ ಮರದ ಎರಡು ಹಲಗೆ ಇದ್ದವು. ಹೆಚ್ಚಿನ ಪುರಾತತ್ವಜ್ಞರು ಅದನ್ನು ಹೊರೆ ಕಟ್ಟುವ ಚೌಕಟ್ಟು ಎಂದಿದ್ದಾರೆ. ಅದು ಹಿಮದಲ್ಲಿ ನಡೆಯುವ ಪಾದರಕ್ಷೆಯ ಭಾಗ ಎಂದು ವಾದಿಸಿದವರೂ ಇದ್ದಾರೆ, ಆ ಜಗಳ ನಮಗೆ ಬೇಡ. ಚೌಕಟ್ಟೇ ಆಗಿದ್ದರೆ ಅದು ಒಂದೇ ಕೆಲಸಕ್ಕೆ, ಭಾರವನ್ನು ಬೆನ್ನಿಗೆ ಒತ್ತಿ ನಿಲ್ಲಿಸುವುದಕ್ಕೆ, ಮಾಡಿದ್ದು ಎಂಬುದಷ್ಟೇ ಮುಖ್ಯ. ನಮ್ಮ ಕಡೆ ಹೊರೆಯ ರೂಢಿಯೇ ಬೇರೆ. ಸಿಂಬಿ ಇಟ್ಟು ತಲೆಯ ಮೇಲೆ ಹೊರೆ, ಕಂಕುಳಲ್ಲಿ ಕೊಡ, ಹೆಗಲ ಮೇಲೆ ಅಡ್ಡೆ, ಇನ್ನೂ ಹೆಚ್ಚಾದರೆ ಎತ್ತಿನ ಬೆನ್ನಿಗೆ ಹೇರು. ಜೋಳಿಗೆ ಒಂದು ಹೆಗಲಿಗೆ. ಎರಡೂ ಹೆಗಲಿಗೆ ಪಟ್ಟಿ ಹಾಕಿಕೊಂಡು ಬೆನ್ನಿಗೆ ಅಂಟಿಸಿಕೊಳ್ಳುವ ಚೀಲ ಕನ್ನಡ ನಾಡಿನ ಹಳೆಯ ಬದುಕಿನಲ್ಲಿ ದೊಡ್ಡ ಪಾತ್ರ ವಹಿಸಿದ್ದಲ್ಲ. ಅದು ಹೊರಗಿನಿಂದ ಬಂತು, ಅದೂ ತಡವಾಗಿ, ಶಾಲೆಯ ಬಾಗಿಲಿನಿಂದ.

ಆಧುನಿಕ ಬೆನ್ನುಚೀಲದ ಕಥೆಯನ್ನು ನಾರ್ವೆಯಿಂದ ಶುರು ಮಾಡುವುದು ವಾಡಿಕೆ. ಓಲೆ ಬರ್ಗನ್ ಎಂಬಾತ ಬೇಟೆಗೆ ಹೋಗಿ ಹಿಂದಿರುಗುವಾಗ, ಮೂಟೆಯಂತೆ ಜೋತುಬಿದ್ದ ಚೀಲ ಬೆನ್ನಿಗೆ ಒತ್ತುವುದನ್ನು ತಾಳಲಾರದೆ, ಜ್ಯೂನಿಪರ್ ಗಿಡದ ಟೊಂಗೆಯೊಂದನ್ನು ತನ್ನ ಬೆನ್ನಿನ ಆಕಾರಕ್ಕೆ ಬಾಗಿಸಿ ಚೀಲಕ್ಕೆ ಕಟ್ಟಿಕೊಂಡನಂತೆ. 1909ರಲ್ಲಿ ಆ ಚೌಕಟ್ಟಿಗೆ ಪೇಟೆಂಟ್ ಆಯಿತು, ಟೊಂಗೆಯ ಜಾಗಕ್ಕೆ ಉಕ್ಕಿನ ಕೊಳವೆ ಬಂತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಲಾಯ್ಡ್ ನೆಲ್ಸನ್ 1924ರಲ್ಲಿ ಪೇಟೆಂಟ್ ಪಡೆದ ‘ಟ್ರ್ಯಾಪರ್ ನೆಲ್ಸನ್’ ಎಂಬ ಹಲಗೆ-ಚೀಲದ ಮೂಲ ಅಲಾಸ್ಕದ ಮೂಲನಿವಾಸಿಗಳು ಕಡ್ಡಿ ಮತ್ತು ಸೀಲ್ ಚರ್ಮದಿಂದ ಮಾಡಿಕೊಳ್ಳುತ್ತಿದ್ದ ಹೊರೆಹಲಗೆ. ಪೇಟೆಂಟ್ ಕಾಗದದ ಮೇಲೆ ಮಾತ್ರ ನೆಲ್ಸನ್ ಹೆಸರು ಕೂತಿತು. ಈ ಬಗೆಯ ಚರಿತ್ರೆಗಳಲ್ಲಿ ಇದು ಅಪರೂಪವಲ್ಲ. ಆಮೇಲೆ ಬಂದವನು ಕ್ಯಾಲಿಫೋರ್ನಿಯದ ಡಿಕ್ ಕೆಲ್ಟಿ. 1952ರಲ್ಲಿ ತನ್ನ ಮನೆಯಲ್ಲೇ ಅಲ್ಯೂಮಿನಿಯಂ ಕೊಳವೆ ಬಾಗಿಸಿ ಚೌಕಟ್ಟು ಮಾಡಿದ, ಹೆಂಡತಿ ನೀನಾ ಚೀಲ ಹೊಲಿದಳು. ಯುದ್ಧಕಾಲದಲ್ಲಿ ಪ್ಯಾರಾಶೂಟುಗಳಿಗೆ ಹೋಗಿದ್ದ ನೈಲಾನ್ ಬಟ್ಟೆ ಆ ಹೊತ್ತಿಗೆ ನಾಗರಿಕರ ಕೈಗೂ ಬಂದಿತ್ತು. ಚಾರಣದಲ್ಲಿ ಚೌಕಟ್ಟಿನ ಕೆಳತುದಿಗಳನ್ನು ಪ್ಯಾಂಟಿನ ಹಿಂಜೇಬಿಗೆ ಸಿಕ್ಕಿಸಿದಾಗ ಹೆಗಲ ಭಾರ ಥಟ್ಟನೆ ಇಳಿದದ್ದು ಕಂಡು ಕೆಲ್ಟಿಗೆ ಸೊಂಟದ ಪಟ್ಟಿಯ ಯೋಚನೆ ಹೊಳೆಯಿತು ಎನ್ನುತ್ತಾರೆ. ಭಾರವನ್ನು ಹೆಗಲಿನಿಂದ ಕಟಿಯ ಮೂಳೆಗೆ ದಾಟಿಸುವ ಈ ಉಪಾಯದಷ್ಟು ದೊಡ್ಡ ಸುಧಾರಣೆ ಬೆನ್ನುಚೀಲದ ಚರಿತ್ರೆಯಲ್ಲಿ ಬೇರೊಂದಿಲ್ಲ. 1967ರಲ್ಲಿ ಗ್ರೆಗ್ ಲೋ ಚೌಕಟ್ಟನ್ನು ಚೀಲದ ಒಳಗೇ ಅಡಗಿಸಿದ. ಇವರೆಲ್ಲ ಹುಡುಕುತ್ತಿದ್ದದ್ದು 15–20 ಕಿಲೋ ತೂಕವನ್ನು ದಿನಗಟ್ಟಲೆ ಬೆಟ್ಟದಲ್ಲಿ ಹೊರುವ ದಾರಿ. ಒಬ್ಬರೂ ಕಾಲೇಜಿಗೆ ಹೋಗುವವರ ಬಗ್ಗೆ ಯೋಚಿಸಿರಲಿಲ್ಲ.

ತಿರುವು ಬಂದದ್ದು ಸಿಯಾಟಲ್ ಎಂಬ ಮಳೆಯ ಊರಿನಲ್ಲಿ. 1967ರಲ್ಲಿ ಮರ್ರಿ ಪ್ಲೆಟ್ಜ್, ಜಾನ್ ಲೂಯಿಸ್, ಸ್ಕಿಪ್ ಯೊವೆಲ್ ಸೇರಿ ಅಲ್ಲಿ ಜಾನ್‌ಸ್ಪೋರ್ಟ್ ಕಂಪನಿ ಕಟ್ಟಿದರು. ಅವರ ಮೊದಲ ಸರಕೂ ಪರ್ವತಾರೋಹಿಗಳ ಚೌಕಟ್ಟಿನ ಚೀಲವೇ. ಶಿಬಿರದಲ್ಲಿ ದೊಡ್ಡ ಚೀಲ ಬಿಟ್ಟು ಒಂದು ಹಗಲಿನ ಮಟ್ಟಿಗೆ ಶಿಖರಕ್ಕೆ ಹೋಗಿಬರಲು ಬೇಕಾದ ಪುಟ್ಟ ಚೀಲವೊಂದನ್ನು ಜೊತೆಗೆ ಮಾಡುತ್ತಿದ್ದರು. ಚೌಕಟ್ಟಿಲ್ಲ, ಸೊಂಟಕ್ಕೆ ದಪ್ಪ ಪಟ್ಟಿಯಿಲ್ಲ, ಎರಡು ಹೆಗಲಪಟ್ಟಿ ಮತ್ತು ಒಂದು ಜಿಪ್ ಅಷ್ಟೆ. 1970ರ ದಶಕದ ಮೊದಲ ಭಾಗದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪುಸ್ತಕದಂಗಡಿಯವರು, ತಮ್ಮ ಕ್ರೀಡಾ ವಿಭಾಗದಲ್ಲಿ ಮಾರಾಟವಾಗುವ ಈ ಪುಟ್ಟ ಚೀಲಗಳನ್ನು ಹುಡುಗರು ಬೆಟ್ಟಕ್ಕೆ ಒಯ್ಯದೆ ತರಗತಿಗೆ ಒಯ್ಯುತ್ತಿದ್ದಾರೆ ಎಂಬುದನ್ನು ಗಮನಿಸಿದರು. ಕಾರಣ ಸರಳ: ಪುಸ್ತಕ ಮಳೆಗೆ ನೆನೆಯಬಾರದು. ಅಲ್ಲಿಯ ತನಕ ಅಮೆರಿಕದ ವಿದ್ಯಾರ್ಥಿಗಳು ಪುಸ್ತಕಗಳನ್ನು ಕಂಕುಳಲ್ಲಿ ಇಟ್ಟುಕೊಂಡೋ ಪಟ್ಟಿಯಲ್ಲಿ ಬಿಗಿದುಕೊಂಡೋ ಓಡಾಡುತ್ತಿದ್ದರು. ಅಂಗಡಿಯವರ ಮಾತು ಕೇಳಿ ಕಂಪನಿ ತಳಕ್ಕೆ ಗಟ್ಟಿ ಹೊದಿಕೆ ಹೊಲಿದು ಕೊಟ್ಟಿತು. ಅಮೆರಿಕದ ಇನ್ನೊಂದು ತುದಿಯ ಬಾಸ್ಟನ್ನಿನಲ್ಲಿ ಸೈನ್ಯಕ್ಕೆ ಚೀಲ ಹೊಲಿಯುತ್ತಿದ್ದ ಕಂಪನಿಯೊಂದು, ವಿದ್ಯಾರ್ಥಿಗಳು ಸೇನೆಯ ಹಳೇ ಚೀಲಗಳನ್ನು ಹಾಕಿಕೊಂಡು ತಿರುಗುವುದನ್ನು ಕಂಡು, 1976ರ ಸುಮಾರಿಗೆ ಈಸ್ಟ್‌ಪ್ಯಾಕ್ ಹೆಸರಿನಲ್ಲಿ ಅವರಿಗಾಗಿಯೇ ಹೊಲಿಯತೊಡಗಿತು. 1982ರಲ್ಲಿ ಎಲ್.ಎಲ್. ಬೀನ್ ಕಂಪನಿ ಪುಸ್ತಕದ ಚೀಲವೆಂದೇ ಕರೆದು ಒಂದನ್ನು ಮಾರುಕಟ್ಟೆಗೆ ಬಿಟ್ಟಿತು. ಮೊದಲ ಎರಡು ಕಡೆ ನಡೆದದ್ದು ಒಂದೇ. ತಯಾರಕರು ಊಹಿಸದ ಬಳಕೆಯನ್ನು ಬಳಸುವವರೇ ಕಂಡುಹಿಡಿದರು. ಹಾಗೆ ಕಂಡುಹಿಡಿಯಲು ಸಾಧ್ಯವಾದದ್ದು ಆ ಚೀಲ ಒಳಗೆ ಬರಿದಾಗಿದ್ದುದರಿಂದ. ಚೌಕಟ್ಟಿನ ದೊಡ್ಡ ಚೀಲವನ್ನು ಯಾರೂ ಗ್ರಂಥಾಲಯಕ್ಕೆ ಹೊತ್ತೊಯ್ಯಲಿಲ್ಲ.

ಇಲ್ಲೊಂದು ಆಕ್ಷೇಪ ಬರಬಹುದು. ಬೆಟ್ಟದವರಿಗಿಂತ ಮುಂಚೆಯೇ ಸೈನಿಕನ ಚೀಲ ಎಲ್ಲ ಕೆಲಸಕ್ಕೂ ಆಗುತ್ತಿರಲಿಲ್ಲವೇ? ಬಟ್ಟೆ, ಊಟ, ಹೊದಿಕೆ, ಗುಂಡು ಎಲ್ಲಕ್ಕೂ ಅದೊಂದೇ ಆಸರೆಯಾಗಿತ್ತಲ್ಲ? ನಿಜ, ಆದರೆ ಸೈನಿಕ ಅದನ್ನು ಆಯ್ದುಕೊಂಡವನಲ್ಲ. ಅವನ ಚೀಲದಲ್ಲಿ ಎಲ್ಲಿ ಏನಿರಬೇಕೆಂದು ಹೇಳಿದ್ದು ಮೇಲಧಿಕಾರಿ. ಅಂಥ ಚೀಲ ನಾಗರಿಕ ಬದುಕಿಗೆ ನೇರವಾಗಿ ಬಂದ ದೊಡ್ಡ ಉದಾಹರಣೆ ಜಪಾನಿನ ಶಾಲಾಚೀಲ ರಾಂಡೊಸೆರು. ಟೋಕಿಯೋದ ಗಾಕುಶುಯಿನ್ ಶಾಲೆ 1885ರಲ್ಲಿ, ಶ್ರೀಮಂತರ ಮಕ್ಕಳು ಗಾಡಿಯಲ್ಲಿ ಬಂದು ಆಳುಗಳ ಕೈಲಿ ಪುಸ್ತಕ ಹೊರಿಸುವುದನ್ನು ನಿಲ್ಲಿಸಿ, ಎಲ್ಲರೂ ತಮ್ಮ ಸಾಮಾನು ತಾವೇ ಸೈನಿಕರಂತೆ ಬೆನ್ನ ಮೇಲೆ ತರಬೇಕೆಂದು ನಿಯಮ ಮಾಡಿತು. 1887ರಲ್ಲಿ ಮುಂದೆ ತೈಶೋ ಚಕ್ರವರ್ತಿಯಾದ ರಾಜಕುಮಾರನಿಗೆ ಪ್ರಧಾನಿ ಇತೊ ಹಿರೊಬುಮಿ ಪೆಟ್ಟಿಗೆಯಾಕಾರದ ಚರ್ಮದ ಚೀಲ ಉಡುಗೊರೆ ಕೊಟ್ಟ ಮೇಲೆ ಆ ಆಕಾರವೇ ಸ್ಥಿರವಾಯಿತು. ನಿಯಮದ ಉದ್ದೇಶ ಒಳ್ಳೆಯದೇ, ಸಮಾನತೆಯದ್ದು. ಚೀಲವೂ ಗಟ್ಟಿಮುಟ್ಟು, ಪ್ರಾಥಮಿಕ ಶಾಲೆಯ ಆರು ವರ್ಷ ಒಂದೇ ಬಾಳುತ್ತದೆ. ಆದರೆ ಖಾಲಿ ಇದ್ದಾಗಲೇ ಅದರ ತೂಕ 1 ಕಿಲೋಗಿಂತ ಹೆಚ್ಚು, ಮತ್ತು ಶಾಲೆ ಮುಗಿದ ಮೇಲೆ ಅದರಿಂದ ಬೇರೆ ಕೆಲಸವಿಲ್ಲ. ಇದರ ಪಕ್ಕದಲ್ಲಿ ಸ್ವೀಡನ್ನಿನ ಕೋಂಕೆನ್ ಚೀಲವನ್ನು ಇಟ್ಟು ನೋಡಬೇಕು. ಒಂದೇ ಹೆಗಲಿಗೆ ಚೀಲ ಹಾಕಿಕೊಂಡು ಜನರಿಗೆ ಬೆನ್ನುನೋವು ಬರುತ್ತಿದೆ ಎಂಬ ಚರ್ಚೆಯ ನಡುವೆ 1978ರಲ್ಲಿ ಫ್ಯಾಲ್‌ರಾವೆನ್ ಕಂಪನಿಯ ಓಕೆ ನೋರ್ಡಿನ್ ಇದನ್ನು ಶಾಲಾ ಮಕ್ಕಳಿಗಾಗಿ ಮಾಡಿದ. ಎರಡು ಎ4 ಫೈಲು ಹಿಡಿಯುವಷ್ಟು ಅಳತೆ, 16 ಲೀಟರ್, ತೂಕ ಸುಮಾರು 300 ಗ್ರಾಂ. ಬೆನ್ನಿನ ಕಡೆ ಇಟ್ಟ ತೆಳು ಸ್ಪಂಜಿನ ಹಾಳೆಯನ್ನು ತೆಗೆದು ಹಾಸಿಕೊಂಡು ಕೂರಲೂಬಹುದು. ಆ ಮಕ್ಕಳ ಚೀಲ ಇವತ್ತಿಗೂ ದೊಡ್ಡವರ ಬೆನ್ನ ಮೇಲೆ, ಕಚೇರಿಯಲ್ಲಿ, ವಿಮಾನ ನಿಲ್ದಾಣದಲ್ಲಿ ಕಾಣುತ್ತದೆ. ಎರಡೂ ಶಾಲೆಗಾಗಿ ಹುಟ್ಟಿದವು. ಹಗುರವಾದದ್ದು ಮಾತ್ರ ಶಾಲೆಯ ಗೇಟು ದಾಟಿತು.

ನಮ್ಮಲ್ಲಿ ಈ ಚೀಲದ ಚರಿತ್ರೆ ಶುರುವಾಗುವುದೇ ಹೊರೆಯ ದೂರಿನಿಂದ. ಅದಕ್ಕೂ ಮುಂಚೆ ಇದ್ದ, ಹೆಗಲಿಗೆ ಅಡ್ಡ ಹಾಕಿಕೊಳ್ಳುವ ಪಾಟಿಚೀಲದಲ್ಲಿ ಸ್ಲೇಟು, ಬಳಪ, ಒಂದೆರಡು ಪುಸ್ತಕ ಹಿಡಿದರೆ ಹೆಚ್ಚು. ಮೈಸೂರಿನ ಕಾದಂಬರಿಕಾರ ಆರ್.ಕೆ. ನಾರಾಯಣ್ ನಾಮನಿರ್ದೇಶಿತ ಸದಸ್ಯರಾಗಿ 1989ರಲ್ಲಿ ರಾಜ್ಯಸಭೆಯಲ್ಲಿ ಮಾಡಿದ ಮೊದಲ ಭಾಷಣದ ವಿಷಯ ರಾಜಕೀಯವೂ ಅಲ್ಲ, ಸಾಹಿತ್ಯವೂ ಅಲ್ಲ. ಪುಸ್ತಕದ ಚೀಲ ಹೊತ್ತು ಬಾಗಿ ನಡೆಯುವ ಮಕ್ಕಳು. ಶಾಲಾ ಕಲಿಕೆಯ ಹೊರೆಯನ್ನು ಪರಿಶೀಲಿಸಿದ ಯಶ್‌ಪಾಲ್ ಸಮಿತಿ 1993ರಲ್ಲಿ ಕೊಟ್ಟ ವರದಿ ಆ ಕಾಳಜಿಯನ್ನೇ ಮುಂದುವರಿಸಿತು, ಚೀಲದ ಭಾರಕ್ಕಿಂತ ಅರ್ಥವಾಗದ ಪಾಠದ ಭಾರ ದೊಡ್ಡದು ಎಂದೂ ಹೇಳಿತು. ಕರ್ನಾಟಕ ಸರ್ಕಾರ 2019ರ ಆದೇಶದಲ್ಲಿ ಚೀಲ ಮಗುವಿನ ತೂಕದ ಶೇ 10ನ್ನು ಮೀರಬಾರದೆಂದು ಹೇಳಿ, 1–2ನೇ ತರಗತಿಗೆ 2 ಕಿಲೋ, 9–10ನೇ ತರಗತಿಗೆ 5 ಕಿಲೋ ಎಂದು ಮಿತಿ ಹಾಕಿತು. ತಪ್ಪು ಪಠ್ಯಕ್ರಮದ್ದು, ವೇಳಾಪಟ್ಟಿಯದ್ದು, ಚೀಲವನ್ನೇಕೆ ದೂರಬೇಕು ಎಂದು ಕೇಳಿದರೆ, ಮುಕ್ಕಾಲು ಪಾಲು ಒಪ್ಪುತ್ತೇನೆ. ಉಳಿದ ಕಾಲು ಪಾಲು ಮಾತ್ರ ಚೀಲದ್ದೇ. ಕಾರ್ಟೂನು ಚಿತ್ರ, ದಪ್ಪ ಸ್ಪಂಜು, ಮೂರು ಜಿಪ್ಪು, ಊಟದ ಡಬ್ಬಿಗೊಂದು ಖಾನೆ ಎಂದು ಸೇರಿಸುತ್ತ ಹೋಗಿ ಖಾಲಿ ಚೀಲವೇ ಮುಕ್ಕಾಲು ಕಿಲೋ ತೂಗಿದರೆ, ಒಂದನೇ ತರಗತಿಯ ಮಗುವಿನ ಪಾಲಿನ 2 ಕಿಲೋದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪುಸ್ತಕ ಇಡುವ ಮೊದಲೇ ಖರ್ಚಾಗಿರುತ್ತದೆ. ಹಾಗೂ ಜಾಗವಿದ್ದರೆ ತುಂಬುತ್ತದೆ. ಎಲ್ಲ ನೋಟುಬುಕ್ಕೂ ಒಟ್ಟಿಗೇ ಹಿಡಿಯುವ ಚೀಲ ಕೊಟ್ಟ ಮೇಲೆ ಇವತ್ತಿನ ವೇಳಾಪಟ್ಟಿ ನೋಡಿ ಆರಿಸಿ ಇಡುವ ಮಗು ಅಪರೂಪ.

ದೊಡ್ಡವರ ಬೆನ್ನಿಗೆ ಈ ಚೀಲ ಏರಿಸಿದ್ದು ಲ್ಯಾಪ್‌ಟಾಪ್. 2008ರ ಹೊತ್ತಿಗೆ ಪ್ರಪಂಚದಲ್ಲಿ ಲ್ಯಾಪ್‌ಟಾಪಿನ ಮಾರಾಟ ಡೆಸ್ಕ್‌ಟಾಪನ್ನು ಹಿಂದೆ ಹಾಕಿತು. ಮೊದಮೊದಲು ಯಂತ್ರದ ಜೊತೆ ಬರುತ್ತಿದ್ದದ್ದು ಒಂದೇ ಹೆಗಲಿನ ಕಪ್ಪು ಚೀಲ, ಸೂಟು ಹಾಕಿ ಕಾರಿನಲ್ಲಿ ಹೋಗುವವನನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಬೆಂಗಳೂರಿನಂಥ ಊರಿನಲ್ಲಿ ಅದು ನಿಲ್ಲಲಿಲ್ಲ, ಏಕೆಂದರೆ ಇಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಬಹಳ ಮಂದಿ ಹೋಗುವುದು ಬೈಕು ಸ್ಕೂಟರಿನಲ್ಲಿ, ಇಲ್ಲವೇ ಬಸ್ಸಿನಲ್ಲಿ ನಿಂತುಕೊಂಡು. ಒಂದು ಹೆಗಲಿನ ಚೀಲ ಬ್ರೇಕು ಹಾಕಿದಾಗಲೆಲ್ಲ ಜಾರಿ ಟ್ಯಾಂಕಿನ ಮೇಲೆ ಬರುತ್ತದೆ. ಬಸ್ಸಿನಲ್ಲಿ ಕಂಬಿ ಹಿಡಿಯಲು ಒಂದು ಕೈ ಕಡಿಮೆಯಾಗುತ್ತದೆ. ಎರಡೂ ಕೈ ಬಿಡುವು ಮಾಡಿಕೊಡುವ ಚೀಲ ಗೆದ್ದದ್ದರಲ್ಲಿ ಆಶ್ಚರ್ಯವಿಲ್ಲ. ಮಳೆಗಾಲಕ್ಕೆಂದು ತಳದ ಜೇಬಿನಲ್ಲಿ ಮಡಚಿಟ್ಟ ಪ್ಲಾಸ್ಟಿಕ್ ಹೊದಿಕೆಯೂ ಇಲ್ಲಿ ಬೇಕೇ ಬೇಕಾದ ವಸ್ತು. ಸಿಯಾಟಲ್ಲಿನ ಹುಡುಗರ ಕಾರಣವೇ ಇಲ್ಲಿಯದ್ದೂ. ಬೆಂಗಳೂರಿನಲ್ಲೇ ಹುಟ್ಟಿದ ವೈಲ್ಡ್‌ಕ್ರಾಫ್ಟ್ ಕೂಡ ಚಾರಣ, ಶಿಬಿರಗಳ ಸಾಮಾನಿನಿಂದ ಶುರುಮಾಡಿ ಆಮೇಲೆ ಕಾಲೇಜು ಆಫೀಸುಗಳ ಬೆನ್ನಿಗೆ ಬಂದದ್ದು. ಬೆಟ್ಟದಿಂದ ಬೀದಿಗೆ, ಅದೇ ದಾರಿ.

ಲ್ಯಾಪ್‌ಟಾಪಿನ ಖಾನೆಯೇ ನನ್ನ ವಾದಕ್ಕೆ ಎದುರು ನಿಲ್ಲುವ ಬಲವಾದ ಸಾಕ್ಷಿ. ಅದು ಸೇರ್ಪಡೆಯೇ ತಾನೆ? ಅದಿಲ್ಲದೆ ಇವತ್ತಿನ ಆಫೀಸು ಚೀಲ ಇದೆಯೇ? ಈ ಒಂದನ್ನು ನಾನು ಬಿಟ್ಟುಕೊಡುತ್ತೇನೆ, ಆದರೆ ಅದು ಬೇರೆ ಖಾನೆಗಳ ಜಾತಿಯದಲ್ಲ. ಬೆನ್ನಿಗೆ ತಾಗಿ ನಿಲ್ಲುವ ಅದರೊಳಗೆ ಒಂದೂವರೆ ಕಿಲೋದ ಚಪ್ಪಟೆ ಯಂತ್ರ ಇಟ್ಟಾಗ ಭಾರ ಬೆನ್ನಿಗೆ ಹತ್ತಿರ ಬರುತ್ತದೆ, ಜೋತುಬೀಳುವ ಬಟ್ಟೆಗೆ ನೆಟ್ಟನೆಯ ಒಂದು ಬೆನ್ನು ಸಿಗುತ್ತದೆ. ಬರ್ಗನ್ ಟೊಂಗೆ ಬಾಗಿಸಿ ಪಡೆದದ್ದನ್ನು ಇಲ್ಲಿ ಹೊರೆಯೇ ಕೊಡುತ್ತಿದೆ. ಅಷ್ಟಾಗಿಯೂ ಅದರ ತಳ ಚೀಲದ ತಳಕ್ಕಿಂತ ಎರಡು ಬೆರಳು ಮೇಲಿದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಚೀಲವನ್ನು ನೆಲಕ್ಕೆ ಕುಕ್ಕಿದಾಗ ಪೆಟ್ಟು ಬೀಳುವುದು ನೇರ ಯಂತ್ರಕ್ಕೆ. ಶೂ ಖಾನೆಯ ಕಥೆ ಬೇರೆ. ಜಿಮ್ಮಿಗೆ ಹೋಗುವ ದಿನ ಅದು ಬೇಕು. ಹೋಗದ ದಿನವೂ ಅದರ ಗೋಡೆ, ಜಿಪ್ಪು, ಗಾಳಿಯ ತೂತುಗಳ ಭಾರವನ್ನು ಹೊರಲೇಬೇಕು. ಶೂ ಇಟ್ಟರೂ ಒಳಗಿನ ಮುಖ್ಯ ಜಾಗಕ್ಕೇ ಅದು ಉಬ್ಬುತ್ತದೆ, ಏಕೆಂದರೆ ಚೀಲದ ಲೀಟರು ಹೆಚ್ಚಾಗಿರುವುದಿಲ್ಲ. ಬೆವರಿನ ಬಟ್ಟೆ ಲ್ಯಾಪ್‌ಟಾಪಿನ ಪಕ್ಕ ಇರಬಾರದು ಎಂಬುದು ನ್ಯಾಯವಾದ ಬೇಡಿಕೆ. ಅದಕ್ಕೆ ದಾರದಿಂದ ಬಾಯಿ ಬಿಗಿಯುವ ಒಂದು ಬಟ್ಟೆಚೀಲ ಸಾಕು. ಬೇಡದ ದಿನ ಅದನ್ನು ಮನೆಯಲ್ಲೇ ಬಿಡಬಹುದು, ನಾತ ಹಿಡಿದರೆ ಒಗೆಯಬಹುದು. ಹೊಲಿದುಬಿಟ್ಟ ಖಾನೆಯನ್ನು ಬಿಡಲೂ ಆಗದು, ಒಗೆಯಲೂ ಆಗದು.

ಪ್ರವಾಸದ ಚೀಲವನ್ನು ರೂಪಿಸಿದ್ದು ಬೆಟ್ಟವಲ್ಲ, ವಿಮಾನ ಕಂಪನಿಗಳ ದರಪಟ್ಟಿ. 2008ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಚೆಕ್-ಇನ್ ಮಾಡುವ ಮೊದಲ ಲಗೇಜಿಗೇ 15 ಡಾಲರ್ ಕೇಳತೊಡಗಿತು, ಬೇರೆ ಕಂಪನಿಗಳೂ ಹಿಂದೆಯೇ ಬಂದವು. ಜನ ಸಾಮಾನನ್ನು ತಲೆಯ ಮೇಲಿನ ಗೂಡಿಗೆ ತರತೊಡಗಿದರು. ಆ ಗೂಡಿನ ಅಳತೆಗೆ ತಕ್ಕಂತೆ ಸುಮಾರು 40 ಲೀಟರಿನ, ಸೂಟ್‌ಕೇಸಿನಂತೆ ಪೂರಾ ತೆರೆದುಕೊಳ್ಳುವ ಬೆನ್ನುಚೀಲಗಳು ಹುಟ್ಟಿದವು. ಅವು ಜಾಣತನದ ವಸ್ತುಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ್ನೇ ಸೋಮವಾರ ಆಫೀಸಿಗೂ ಒಯ್ಯಿರಿ ಎಂದಾಗ ಲೆಕ್ಕ ತಪ್ಪುತ್ತದೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಇರುವ ಮಿತಿ ಸಾಮಾನ್ಯವಾಗಿ 7 ಕಿಲೋ. ಎಲ್ಲ ಸೌಲಭ್ಯ ತುಂಬಿದ ಚೀಲ ಖಾಲಿಯಾಗಿಯೇ ಒಂದೂವರೆ ಕಿಲೋ ತೂಗಿದರೆ, ಅನುಮತಿಯ ಐದನೇ ಒಂದು ಪಾಲಿಗೂ ಮಿಗಿಲಾಗಿ ಚೀಲಕ್ಕೇ ಹೋಯಿತು. ಆಫೀಸಿಗೆ ಒಯ್ದರೆ ಲ್ಯಾಪ್‌ಟಾಪು ಮತ್ತು ಊಟದ ಡಬ್ಬಿ ಅದರ ತಳದಲ್ಲಿ ಗಡಗಡ ಉರುಳುತ್ತವೆ, ಮೆಟ್ರೋದಲ್ಲಿ ಹಿಂದೆ ನಿಂತವರ ಎದೆಗೆ ತಾಗುತ್ತದೆ. ದಿನದ ಸಾಮಾನಿಗೆ 20–25 ಲೀಟರ್ ಸಾಕು. ಎರಡು ರಾತ್ರಿಯ ಬಟ್ಟೆಯನ್ನು ಸುರುಳಿ ಸುತ್ತಿಟ್ಟರೆ ಅಷ್ಟರಲ್ಲೇ ಹಿಡಿಯುತ್ತದೆ. ವಾರದ ಪ್ರವಾಸ ವರ್ಷಕ್ಕೆ ಎಷ್ಟು ಸಲ ಬರುತ್ತದೆ ಎಂದು ಕೇಳಿಕೊಂಡರೆ, ಅದಕ್ಕಾಗಿ ಉಳಿದ ದಿನವೆಲ್ಲ ಹೆಚ್ಚು ಹೊರುವುದು ನಷ್ಟದ ವ್ಯಾಪಾರ.

ಉಳಿದದ್ದು ದುಡ್ಡಿನ ಆಕ್ಷೇಪ. ಮೂರು ಚೀಲಕ್ಕಿಂತ ಒಂದು ಅಗ್ಗ, ಮನೆಯಲ್ಲಿ ಜಾಗವೂ ಉಳಿತಾಯ. ಮಧ್ಯಮ ವರ್ಗದ ಮನೆಗೆ ಇದು ತೂಕದ ಮಾತು, ಒಂದೇ ಚೀಲ ಕೊಳ್ಳುವುದನ್ನು ನಾನು ವಿರೋಧಿಸುತ್ತಿಲ್ಲ. ಆದರೆ ಆ ಉಳಿತಾಯ ಚೀಲ ಎಷ್ಟು ಕಾಲ ಬಾಳುತ್ತದೆ ಎಂಬುದರ ಮೇಲೆ ನಿಂತಿದೆ, ಬಾಳಿಕೆ ಕೈಕೊಡುವ ಜಾಗಗಳಲ್ಲಿ ಖಾನೆಗಳದ್ದೇ ದೊಡ್ಡ ಪಾಲು. ಬಟ್ಟೆ ಸವೆದು ಹರಿದ ಬೆನ್ನುಚೀಲ ಅಪರೂಪ. ಜಿಪ್ಪು ಬಾಯಿ ಬಿಟ್ಟದ್ದು, ಹೆಗಲಪಟ್ಟಿ ಚೀಲಕ್ಕೆ ಸೇರುವಲ್ಲಿ ಹೊಲಿಗೆ ಬಿಚ್ಚಿದ್ದು, ಒಳಮೈಯ ಲೇಪ ಅಂಟಂಟಾಗಿ ಸಿಪ್ಪೆ ಏಳುವುದು ಇವೇ ಹೆಚ್ಚು. ಪಾಲಿಯುರೆಥೇನ್ ಲೇಪಕ್ಕೆ ಸೆಕೆಯೂ ತೇವವೂ ಕೂಡಿದ ಹವೆ ವೈರಿ. ಒದ್ದೆ ಟವೆಲನ್ನು ಮುಚ್ಚಿಡುವ ಖಾನೆಯೇ ಆ ಹವೆಯನ್ನು ದಿನಾ ತಯಾರಿಸುತ್ತದೆ, ಕರಾವಳಿಯಲ್ಲಂತೂ ಕೇಳುವುದೇ ಬೇಡ. ಬಟ್ಟೆಯ ಗಟ್ಟಿತನಕ್ಕೆ ಚೀಟಿಯ ಮೇಲೆ ಡೆನಿಯರ್ ಅಂಕಿ ಬರೆದಿರುತ್ತಾರೆ. ಅದು 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಅಂಕಿ ದೊಡ್ಡದಾದರೆ ನೂಲು ದಪ್ಪ ಎಂದಷ್ಟೇ ತಿಳಿಯುತ್ತದೆ. ಅದು ನೈಲಾನೋ ಪಾಲಿಯೆಸ್ಟರೋ, ಹೊಲಿಗೆ ಹೇಗಿದೆ ಎಂಬುದು ಗೊತ್ತಾಗುವುದಿಲ್ಲ. ಅದಕ್ಕಿಂತ ಹೆಗಲಪಟ್ಟಿಯ ಬುಡದಲ್ಲಿ ಹೊಲಿಗೆ ಎಷ್ಟು ಸಲ ಓಡಿದೆ ಎಂದು ಬೆರಳಿಟ್ಟು ನೋಡುವುದು ಮೇಲು. ಎರಡು ಜಿಪ್ಪಿನ ಚೀಲದಲ್ಲಿ ಒಂದರ ರನ್ನರ್ ಹೋದರೆ ಬೀದಿಯಲ್ಲಿ ಚೀಲ ರಿಪೇರಿ ಮಾಡುವವನು ನಿಂತ ಹೆಜ್ಜೆಯಲ್ಲಿ ಹೊಸದು ಹಾಕಿಕೊಡುತ್ತಾನೆ. ಒಂಬತ್ತು ಜಿಪ್ಪಿನ ಚೀಲದಲ್ಲಿ ಸ್ಪಂಜಿನ ಗೋಡೆಗಳ ನಡುವೆ ಹುದುಗಿದ ಜಿಪ್ಪು ಕೆಟ್ಟರೆ, ಒಳಪದರ ಬಿಚ್ಚಿ ಮತ್ತೆ ಹೊಲಿಯುವ ಕೂಲಿ ನೋಡಿ ಅವನೇ ಹೊಸ ಚೀಲ ತಗೊಳ್ಳಿ ಎನ್ನುತ್ತಾನೆ.